ಹೆಫ್ಸಿಬಾಳನ್ನು ಮುಟ್ಟಿದ ಕೈ

ಅಮ್ಮಾ,

ಇವತ್ತು ಹೆಫ್ಸಿಬಾಳ ಮನೆಗೆ ಹೋಗಿದ್ದೆ. ಹೌದು, ಅವಳೇ. ಹುಡುಗಿಯಾಗಿದ್ದಾಗ ನಮ್ಮೂರು ಆಂಡೋವರಿನ ಪ್ರಾರ್ಥನಾಮಂದಿರದಲ್ಲಿ ಚೀರುತ್ತ ನೆಲಕ್ಕೆ ಬಿದ್ದು ಒದ್ದಾಡಿದವಳು. ನಿನ್ನ ಕಣ್ಣಿಗೆ ಬಟ್ಟೆ ಕಟ್ಟಿ, ನಿನ್ನ ಕೈಯನ್ನು ಅವಳ ಮೇಲೆ ಇಡಿಸಿದಾಗ ತಟ್ಟನೆ ಸುಮ್ಮನಾದವಳು. ಮಾಟ ಮಾಡಿದವಳು ಮುಟ್ಟಿದರೆ ಮಾತ್ರ ಮಾಟ ಇಳಿಯುತ್ತದೆ, ಹಾಗಾಗಿ ಮಾಟಗಾತಿ ನೀನೇ ಎಂದು ನಿನ್ನನ್ನು ಗಲ್ಲಿಗೇರಿಸಿದರು.

ನಾನು ಸೋಪಿಗೆ ಬೂದಿನೀರು ಕಾಯಿಸುತ್ತಿದ್ದೆ. ಅವಳ ತಾಯಿ ಕೂಸನ್ನೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ಹೆರಿಗೆ ಆದಾಗಿಂದ ಮೈ ಸೆಟೆದು ಒದ್ದಾಡ್ತಿದಾಳೆ, ಡಾರ್ಕಸ್. ನಿನ್ನನ್ನೇ ಕರೀತಿದಾಳೆ. ಒಂದ್ಸಲ ಬಂದು ಮುಟ್ಟು, ತಾಯಿ."

"ನಮ್ಮಮ್ಮ ಮುಟ್ಟಿದ್ದು ಸಾಕಾಗ್ಲಿಲ್ವಾ ನಿಮಗೆ?"

ಮುದುಕಿ ಬಾಗಿಲಿಂದ ಕದಲಲಿಲ್ಲ. ಕೂಸು ಹಸಿದು ಅಳುತ್ತಿತ್ತು.

ಹೋದೆ. ಈ ಸಲ ನಟನೆ ಇರಲಿಲ್ಲ. ನಾಲಿಗೆ ಕಚ್ಚಿಕೊಂಡು ಅವಳ ಬಾಯೆಲ್ಲ ರಕ್ತವಾಗಿತ್ತು. ಬೂದಿನೀರಿಗೆ ಒಡೆದ ನನ್ನ ಕೈ ಈಗ ಥೇಟ್ ನಿನ್ನ ಕೈಯಂತೆಯೇ ಇದೆ. ಅದನ್ನು ಅವಳ ಹಣೆಯ ಮೇಲಿಟ್ಟೆ. ಒದ್ದಾಟ ನಿಲ್ಲದಿರಲಿ ಎಂದು ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡೆ.

ನಿಂತಿತು, ಅಮ್ಮಾ.

ಸುತ್ತ ನಿಂತಿದ್ದ ಹೆಂಗಸರೆಲ್ಲ ಅವಳನ್ನು ಬಿಟ್ಟು ನನ್ನ ಕೈಯನ್ನೇ ನೋಡತೊಡಗಿದರು. ಅವರ ಜೊತೆ ನಾನೂ ನೋಡಿದೆ.