ಮೋಡದ ಕೆಳಗಿನ ಗದ್ದೆ

ಮಂಜಗುಣಿ
೧೨ ಏಪ್ರಿಲ್ ೨೦೦೬

ತಮ್ಮ ರೂಪೇಶನಿಗೆ ಆಶೀರ್ವಾದ. ಈ ಸಲ ಕೊಡಲು ಮನಸ್ಸಿರಲಿಲ್ಲ, ಆದರೂ ಕೊಟ್ಟಿದ್ದೇನೆ.

ಹೊಳೆದಂಡೆಯ ನಮ್ಮ ಗಜನಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ತಡೆಯುವ ಕಟ್ಟು ಒಡೆದಿದೆ. ದುರಸ್ತಿ ಮಾಡಿಸಿ ಎಂದು ಕೇಳಲು ಅಂಕೋಲೆಯ ಕಚೇರಿಗೆ ಹೋದರೆ, ಸಾಹೇಬರು ಉಪಗ್ರಹದ ಚಿತ್ರ ನೋಡಿ ಮಾಡಿದ ನಕ್ಷೆ ಬಿಚ್ಚಿದರು. ನಮ್ಮ ಗದ್ದೆ ಪೂರ್ತಿ ನೀಲಿ. "ಇದು ಬರೀ ನೀರು ಬಾಯೋರೆ, ಹೊಳಿಗೆ ಯಾರಾದ್ರೂ ಕಟ್ಟು ಹಾಕ್ತಾರೆ?" ಎಂದು ನಕ್ಕರು. ನಕ್ಷೆಯ ಅಡಿಯಲ್ಲಿ ನಿನ್ನ ಸಹಿ ಇತ್ತು.

ಆ ಉಪಗ್ರಹ ಸಣ್ಣದಾದರೂ ನಿಯತ್ತಿನದು, ತನ್ನ ದಾರಿ ತಪ್ಪದೆ ಬೆಳಗಿನ ಅದೇ ಹೊತ್ತಿಗೆ ನಮ್ಮ ಮೇಲೆ ಹಾಯುತ್ತದೆ ಎಂದು ದೀಪಾವಳಿಗೆ ಬಂದಾಗ ಹೊಗಳಿದವನು ನೀನು. "ಮಳ್ಗಾಲದಲ್ಲಿ ಮಾತ್ರ ಮೋಡ ಅಡ್ಡ ಅಕ್ಕಾ, ಏನೂ ಕಾಣೂದಿಲ್ಲ" ಎಂದವನೂ ನೀನೇ. ಉಪ್ಪುನೆಲಕ್ಕೂ ಜಗ್ಗದ ಕಗ್ಗ ಭತ್ತವನ್ನು ನಾವು ಬೆಳೆಯುವುದೇ ಮಳೆಗಾಲದಲ್ಲಿ. ಕೊಯ್ಲಾದ ಮೇಲೆ ಸಿಗಡಿಗೆಂದು ಉಪ್ಪುನೀರು ಬಿಡುತ್ತೇವೆ. ಮೋಡ ಸರಿದ ಮೇಲೆ ನಿನ್ನ ಉಪಗ್ರಹಕ್ಕೆ ಕಂಡಿದ್ದು ಆ ನೀರು. ಅದಕ್ಕೇನು ಗೊತ್ತು, ಬಿಡು. ಅದು ಸೊಂಟದವರೆಗೆ ಕೆಸರಲ್ಲಿ ನಿಂತು ಕಗ್ಗ ಕೊಯ್ದಿಲ್ಲ. ನೀನು ಕೊಯ್ದಿದ್ದೀಯ.

ಕಟ್ಟು ನಿಲ್ಲದಿದ್ದರೆ ಈ ವರ್ಷ ಬಿತ್ತುವಂತಿಲ್ಲ. ಮಳೆ ಹಿಡಿಯುವ ಮೊದಲು ಕಾರವಾರದ ನಿನ್ನ ನಕ್ಷೆ ಕಚೇರಿಯಿಂದ ಬಂದು, ಗದ್ದೆ ನೋಡಿ ನಕ್ಷೆ ತಿದ್ದಿಕೊಡು. ಆಗದಿದ್ದರೂ ಹೊಸ ಅಕ್ಕಿ ಊಟಕ್ಕೆ ಯಾವಾಗಿನಂತೆ ಬಾ. ಎಲೆ ಹಾಕುತ್ತೇನೆ. ನಿನ್ನ ನಕ್ಷೆಯಲ್ಲಿ ಬೆಳೆದದ್ದನ್ನೇ ಬಡಿಸುತ್ತೇನೆ, ಉಪ್ಪುನೀರು.

ಸಿಟ್ಟು ಇಳಿಯದ
ನಿನ್ನ ಅಕ್ಕ ಕಲಾವತಿ