ಹುಚ್ಚಿಲ್ಲ ಎಂದರೆ ಫೀ ಇಲ್ಲ

6 ಜೂನ್ 1994, ಸೋಮವಾರ. ರಾಣೇಬೆನ್ನೂರು

ಓಪಿಡಿ ಮುಗಿಯುವಷ್ಟರಲ್ಲಿ ಚಹಾ ಆರಿತ್ತು. ಇನ್ನೇನು ಬಾಯಿಗಿಡಬೇಕು, ಗುತ್ತಲದ ಶೇಖಪ್ಪ ಬಂದ. ತೀರಿಹೋದ ಅಣ್ಣನ ಹೆಂಡತಿ ಹೊನ್ನವ್ವನಿಗೆ ಹುಚ್ಚಂತೆ. ಧಾರವಾಡದ ಮಾನಸಿಕ ಆಸ್ಪತ್ರೆಗೆ ಸೇರಿಸಲು ಹಾವೇರಿ ಕೋರ್ಟಿಗೆ ಅರ್ಜಿ ಹಾಕಿದ್ದಾನೆ. ಇಬ್ಬರು ಡಾಕ್ಟರ ಸರ್ಟಿಫಿಕೇಟು ಬೇಕು. ನಮ್ಮ ಆಸ್ಪತ್ರೆಯ ಸೀನಿಯರ್ ಡಾಕ್ಟರ್ ನಿಜಲಿಂಗಪ್ಪನವರದು ಆಗಿದೆ.

"ನೀವೂ ಒಂದ್ ಸಹಿ ಹೊಡದ್ರ ಮುಗೀತ್ರಿ ಡಾಕ್ಟರ್ ಬಾಯಾರ. ನಿಮ್ಮ ಫೀ ತಂದೇನಿ."

"ಪೇಶಂಟ್ ಎಲ್ಲಿ?"

"ಜೀಪಿನ್ಯಾಗ ಅದಾಳ್ರಿ. ಇಳಸಬ್ಯಾಡ್ರಿ, ಬೈತಾಳ."

ಇಳಿಸಿದೆ. ಬೈದಳು, ಖರೇ. ಆದರೆ ಅವನನ್ನು — ಗಂಡನ ಹೊಲದಲ್ಲಿ ಪಾಲು ಕೇಳಿದ್ದಕ್ಕೆ ತನ್ನನ್ನು ಹುಚ್ಚಿ ಮಾಡಿದ್ದಾನೆಂದು. ಬಹಳ ಹೊತ್ತು ಮಾತಾಡಿಸಿದೆ. ನಿದ್ದೆ, ನೆನಪು, ಮಾತು ಎಲ್ಲ ನೆಟ್ಟಗಿವೆ. ಸಿಟ್ಟೊಂದಿದೆ. ಅದು ನನಗೂ ಇದೆ.

'ಮಾನಸಿಕ ರೋಗವಿಲ್ಲ' ಎಂದು ಬರೆದು ಸಹಿ ಮಾಡಿ ಕೊಟ್ಟೆ. ಶೇಖಪ್ಪ ನೋಟು ವಾಪಸ್ ಕಿಸೆಗಿಟ್ಟ.

"ಹುಚ್ಚಿ ಅಂತ ಬರದ್ರಷ್ಟ ಫೀ ರೀ."

7 ಜೂನ್

ಹೊನ್ನವ್ವನನ್ನು ನೋಡಿ ಬರೆದಿರಾ ಎಂದು ನಿಜಲಿಂಗಪ್ಪನವರನ್ನು ಕೇಳಿಯೇಬಿಟ್ಟೆ.

"ಜೀಪಿನ ತನಕಾ ಹೋಗಿ ನೋಡ್ದೆ ತಂಗಿ. ಬೈದ್ಲು. ಬರದೆ. ಹುಚ್ಚಿಲ್ಲ ಅಂತ ಬರದ್ರ ಯಾರ್ ಫೀ ಕೊಡ್ತಾರ? ಎಲ್ಲಾರೂ ಹಿಂಗ ಮಾಡ್ತಾರ."

ಕೆಟ್ಟವರಲ್ಲ. ನನಗೆ ಕೆಲಸ ಕಲಿಸಿದವರು.

ಶುಕ್ರವಾರ ಹಾವೇರಿಯಲ್ಲಿ ಅರ್ಜಿಯ ವಿಚಾರಣೆ. ಹೋಗಲು ರಜೆ ಬರೆದುಕೊಟ್ಟೆ.

10 ಜೂನ್. ಹಾವೇರಿ, ಕೋರ್ಟಿನ ಬೆಂಚು

ಅಂದುಕೊಂಡಂತೆಯೇ ಆಯಿತು. ಶೇಖಪ್ಪ ನನ್ನ ಸರ್ಟಿಫಿಕೇಟು ಮುಚ್ಚಿಟ್ಟು, ಬ್ಯಾಡಗಿಯಲ್ಲಿ ಇನ್ನೊಬ್ಬ ಡಾಕ್ಟರ ಸಹಿ ತಂದಿದ್ದಾನೆ. ಆರ್ಡರ್ ಆಗುವುದರಲ್ಲಿತ್ತು. ಎದ್ದು ನಿಂತೆ. ನಾನೂ ಇವಳನ್ನು ನೋಡಿದ್ದೇನೆ, ರೋಗವಿಲ್ಲ ಎಂದು ಬರೆದುಕೊಟ್ಟಿದ್ದೇನೆ ಎಂದೆ.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು. "ನಿಮಗ ಸಮನ್ಸ್ ಇಲ್ಲಲ್ರೀ ಡಾಕ್ಟರ. ಸಾಕ್ಷಿ ಭತ್ಯೆ ಸಿಗೂದಿಲ್ಲ."

"ಬ್ಯಾಡ್ರಿ ಸಾಹೇಬ್ರ. ನನಗ ಯಾರೂ ಫೀ ಕೊಟ್ಟಿಲ್ಲ ಅಂತ ಬರಕೊಳ್ರಿ. ಆಮ್ಯಾಲ, ಹುಚ್ಚಿ ಅಂತ ಬರದ ಈ ಇಬ್ಬರು ಡಾಕ್ಟರಿಗೆ ಯಾರ್ ಕೊಟ್ರು ಅಂತ ಕೇಳ್ರಿ."

ಪೆನ್ನು ಕೆಳಗಿಟ್ಟರು. ಚೇಂಬರಿನಲ್ಲಿ ಹೊನ್ನವ್ವನನ್ನು ತಾವೇ ಮಾತಾಡಿಸುತ್ತಾರಂತೆ.

ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. "ಸಿಟ್ಟ್ ಬಂದ್ರ ಬೈಲೇನ್ರಿ?"

"ಬೈ. ಯಾಕ ಬೈತೀ ಅಂತ ಹೇಳಿ ಬೈ."

ಸೆರಗು ಬಿಗಿದುಕೊಂಡು ಒಳಗೆ ಹೋದಳು. ಕೂತಲ್ಲಿ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ.

ಅವಳ ದನಿ ಕೇಳುತ್ತಿದೆ. ಜೋರಾಗಿಯೇ ಇದೆ... ಸಾಹೇಬರು ತಡೆಯುತ್ತಿಲ್ಲ.

ಈಗ ಶೇಖಪ್ಪನನ್ನು ಕರೆದರು. ಬಾಗಿಲು ಅರ್ಧ ತೆರೆದೇ ಇದೆ. ಸಾಹೇಬರ ಮೊದಲ ಪ್ರಶ್ನೆ—

"ಆ ಇಬ್ಬರು ಡಾಕ್ಟರಿಗೆ ನೀ ಎಷ್ಟ್ ಕೊಟ್ಟಿ?"

ಶೇಖಪ್ಪ ಕಿಸೆ ಮುಟ್ಟಿಕೊಂಡ. "ಹುಚ್ಚಿ ಅಂತ ಬರದೋರಿಗಷ್ಟ ಕೊಟ್ಟೇನ್ರಿ."