ಗುಡ್ಡದ ಬಿರುಕಿನ ಅಳತೆ

ಊರಿನ ಮುಖ್ಯಸ್ಥರಾದ ಪಾಕ್ ಕೊಸಾಸಿಯವರಿಗೆ,

ಶಾಲೆಯ ಹಿಂದಿನ ಗುಡ್ಡದ ಬಿರುಕಿನ ಆಚೀಚೆ ಎರಡು ಗೂಟ ನೆಟ್ಟು, ಅವುಗಳ ಅಂತರವನ್ನು ನನ್ನ ತರಗತಿಯ ಮಕ್ಕಳು ಪ್ರತಿ ಸೋಮವಾರ ಅಳೆಯುತ್ತಾರೆ. ಕಳೆದ ವಾರ ನೂರಹದಿನಾಲ್ಕು ಸೆಂಟಿಮೀಟರ್ ಇತ್ತು. ಇಂದು ನೂರಕ್ಕೆ ಇಳಿದಿದೆ. ಬಿರಿದ ನೆಲ ತಾನಾಗಿ ಕೂಡಿಕೊಳ್ಳುವುದನ್ನು ನಾನು ಕಂಡಿಲ್ಲ.

ನಿಮ್ಮ ಗುಮಾಸ್ತ ದಾದಾಂಗ್, “ಗುಡ್ಡ ಗಟ್ಟಿಯಿದೆ ಅಂತ ಸಹಿ ಹಾಕಿಕೊಡಿ ಟೀಚರ್, ಶುಕ್ರವಾರ ಹೋಟೆಲ್ ಕಟ್ಟೋರು ಜಾಗ ನೋಡೋಕೆ ಬರ್ತಾರೆ” ಎಂದ. ಅವನ ಚಪ್ಪಲಿಗೆ ಹಸಿಮಣ್ಣು ಮೆತ್ತಿತ್ತು. ಮೇಲಿನ ಗೂಟವನ್ನು ಯಾರೋ ಕಿತ್ತು ಬಿರುಕಿನ ಹತ್ತಿರಕ್ಕೆ ನೆಟ್ಟು, ಅದರ ಹಳೆಯ ಗುಂಡಿಯನ್ನು ಮುಚ್ಚಿದ್ದಾರೆ. ಅಲ್ಲಿಂದ ಅಳೆದರೆ ನೂರಹದಿನೇಳು.

ನಾನು ಸಹಿ ಹಾಕುವುದಿಲ್ಲ. ನಾಳೆಯಿಂದ ಪಾಠ ಕೆಳಗಿನ ಮಸೀದಿಯ ಅಂಗಳದಲ್ಲಿ ನಡೆಯುತ್ತದೆ, ದಯವಿಟ್ಟು ಚಾಪೆಗಳನ್ನು ಕಳಿಸಿಕೊಡಿ.

ಆ ಗುಂಡಿಯನ್ನು ಕಂಡುಹಿಡಿದವಳು ನಿಮ್ಮ ಮೊಮ್ಮಗಳು ಲಿಲಿಸ್. “ಇದು ಅಜ್ಜನಿಗೆ ಗೊತ್ತಾ ಟೀಚರ್?” ಎಂದು ಕೇಳಿದಳು. ಸಂಜೆ ನೀವೇ ಅವಳಿಗೆ ಹೇಳಿ.

ಇಂತಿ,
ಇಮಾಸ್
ಆರನೇ ತರಗತಿಯ ಶಿಕ್ಷಕಿ